ಲೇಸರ್ ಚರ್ಮ ಚಿಕಿತ್ಸೆ: ಮನೆಗೆ ಮರಳಿದ ಮೇಲಿನ ಆರೈಕೆಯೇ ನಿರ್ಣಾಯಕ

ಹಾಸನ: ಮೊಡವೆ ಮಾಯವಾದ ಮೇಲೂ ಕೆನ್ನೆಯಲ್ಲಿ ಉಳಿದುಬಿಡುವ ಗುಳಿಗಳು, ಸಿಡುಬಿನಂತಹ ಕಾಯಿಲೆ ಅಥವಾ ಅಪಘಾತ ಬಿಟ್ಟುಹೋದ ಗುರುತುಗಳು, ವಯಸ್ಸಿನ ಸುಕ್ಕುಗಳು - ಇವುಗಳನ್ನು ತಗ್ಗಿಸಲು ಲೇಸರ್ ಚಿಕಿತ್ಸೆಯ ಮೊರೆ ಹೋಗುವವರು ಮಹಾನಗರದ ನಿವಾಸಿಗಳು ಮಾತ್ರವಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂತಹ ತಾಲ್ಲೂಕು ಕೇಂದ್ರಗಳಿಂದಲೂ ಬೆಂಗಳೂರಿಗೆ ಹೋಗಿ ಚಿಕಿತ್ಸೆ ಪಡೆದು ಅಂದೇ ಹಿಂದಿರುಗುವವರಿದ್ದಾರೆ. 2017ರಲ್ಲಿ ಕುಣಿಗಲ್ ಮಾರ್ಗದ ರೈಲು ಸಂಚಾರ ಆರಂಭವಾದ ಮೇಲೆ ಈ ಓಡಾಟ ಇನ್ನಷ್ಟು ಸುಲಭವಾಗಿದೆ.

ಲೇಸರ್ ಕಿರಣ ಮುಖದ ಮೇಲೆ ಹಾಯುವುದು ಕೆಲವು ನಿಮಿಷ, ಹೆಚ್ಚೆಂದರೆ ಒಂದು ಗಂಟೆ. ಆದರೆ ಗಾಯ ಮಾಯುವುದು ವಾರಗಳ ಕೆಲಸ. ಆ ವಾರಗಳು ಕಳೆಯುವುದು ರೋಗಿಯ ಮನೆಯಲ್ಲಿ. ಐದನೆಯ ದಿನ ಮುಖದಲ್ಲಿ ಕೀವು ಕಾಣಿಸಿಕೊಂಡರೆ ಚಿಕಿತ್ಸೆ ನೀಡಿದ ವೈದ್ಯರು ಸುಮಾರು 185 ಕಿಲೋಮೀಟರ್ ದೂರದಲ್ಲಿರುತ್ತಾರೆ. ಆದ್ದರಿಂದ ಏನು ಸಹಜ, ಯಾವುದು ಅಪಾಯದ ಸೂಚನೆ ಎಂಬುದನ್ನು ರೋಗಿಯೂ ಮನೆಯವರೂ ಮೊದಲೇ ಅರಿತಿರುವುದು ಅಗತ್ಯ.

ಲೇಸರ್ ಮಾಡುವುದೇನು?

'ಸ್ಕಿನ್ ರೀಸರ್ಫೇಸಿಂಗ್' ಎಂದು ಕರೆಯಲಾಗುವ ಈ ಚಿಕಿತ್ಸೆ ಮೂಲತಃ ಲೆಕ್ಕಾಚಾರದಿಂದ ಮಾಡುವ ಒಂದು ಗಾಯ. ಚರ್ಮದ ಕೋಶಗಳಲ್ಲಿರುವ ನೀರು ಲೇಸರ್ ಕಿರಣವನ್ನು ಹೀರಿಕೊಂಡು ಕ್ಷಣಮಾತ್ರದಲ್ಲಿ ಆವಿಯಾಗುತ್ತದೆ. ಹಾಳಾದ ಹೊರಪದರ ತೊಲಗಿ, ಒಳಚರ್ಮಕ್ಕೆ ಶಾಖ ತಗುಲುತ್ತದೆ. ಆ ಶಾಖಕ್ಕೆ ಪ್ರತಿಕ್ರಿಯೆಯಾಗಿ ಶರೀರವು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನನ್ನು ಹೊಸದಾಗಿ ತಯಾರಿಸುತ್ತದೆ. ಗುಳಿ ತುಂಬಿಕೊಳ್ಳುವುದೂ ಸುಕ್ಕು ಬಿಗಿಯಾಗುವುದೂ ಈ ಕ್ರಿಯೆಯಿಂದಲೇ.

ಇದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವುದು ಎರಡು ಲೇಸರ್‌ಗಳು. 10,600 ನ್ಯಾನೋಮೀಟರ್ ತರಂಗಾಂತರದ ಇಂಗಾಲದ ಡೈಆಕ್ಸೈಡ್ ಲೇಸರ್ ಒಂದು. ಮಹಾರಾಷ್ಟ್ರದ ಬಾರಾಮತಿಯಲ್ಲಿ ಜನಿಸಿದ ವಿಜ್ಞಾನಿ ಕುಮಾರ್ ಪಟೇಲ್ ಇದನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಂಡುಹಿಡಿದರು. ಇನ್ನೊಂದು, 2,940 ನ್ಯಾನೋಮೀಟರ್‌ನ ಎರ್ಬಿಯಂ ಯಾಗ್ ಲೇಸರ್. ನೀರು ಇದನ್ನು ಹತ್ತು ಪಟ್ಟಿಗೂ ಹೆಚ್ಚು ಪ್ರಬಲವಾಗಿ ಹೀರಿಕೊಳ್ಳುವುದರಿಂದ ಸುತ್ತಲಿನ ಚರ್ಮಕ್ಕೆ ತಗಲುವ ಶಾಖ ಕಡಿಮೆ. ಗಾಯ ಮಾಯುವುದೂ ಬೇಗ.

2004ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ 'ಫ್ರಾಕ್ಷನಲ್' ವಿಧಾನ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಇಡೀ ಮುಖದ ಪದರವನ್ನು ತೆಗೆಯುವ ಬದಲು, ಜರಡಿಯ ರಂಧ್ರಗಳಂತೆ ಸೂಕ್ಷ್ಮ ಬಿಂದುಗಳಲ್ಲಿ ಮಾತ್ರ ಕಿರಣವನ್ನು ಹಾಯಿಸಲಾಗುತ್ತದೆ. ನಡುವೆ ಉಳಿಯುವ ಆರೋಗ್ಯವಂತ ಚರ್ಮ ಗಾಯವನ್ನು ಬೇಗನೆ ಮುಚ್ಚುತ್ತದೆ. ಪೂರ್ಣ ಲೇಸರ್ ಸಾಮಾನ್ಯವಾಗಿ ಒಂದೇ ಬಾರಿಗೆ ಮುಗಿಯುವ ಚಿಕಿತ್ಸೆ. ಫ್ರಾಕ್ಷನಲ್ ವಿಧಾನದಲ್ಲಿ ಕೆಲವು ವಾರಗಳ ಅಂತರದಲ್ಲಿ ಹಲವು ಬಾರಿ ಚಿಕಿತ್ಸೆ ಬೇಕಾಗಬಹುದು. ಪದರವನ್ನು ತೆಗೆಯದೆ ಒಳಗೆ ಮಾತ್ರ ಶಾಖ ನೀಡುವ ಸೌಮ್ಯ ವಿಧವೂ ಇದೆ.

ಚೇತರಿಕೆಯ ಅವಧಿ ಇದನ್ನೇ ಅವಲಂಬಿಸಿದೆ. ಪೂರ್ಣ ಪ್ರಮಾಣದ ಇಂಗಾಲದ ಡೈಆಕ್ಸೈಡ್ ಲೇಸರ್ ಆದರೆ ಹೊಸ ಹೊರಚರ್ಮ ಮೂಡಲು 7ರಿಂದ 14 ದಿನ, ಕೆಂಪು ಮಾಸಲು ಮೂರು ನಾಲ್ಕು ತಿಂಗಳು. ಎರ್ಬಿಯಂ ಆದರೆ ಸುಮಾರು ಒಂದು ವಾರ. ಪದರ ತೆಗೆಯುವ ಫ್ರಾಕ್ಷನಲ್ ವಿಧಾನದಲ್ಲಿ 3ರಿಂದ 6 ದಿನ. ಸೌಮ್ಯ ವಿಧಾನದಲ್ಲಿ ಕೆಂಪು, ಊತಗಳು ಎರಡು ಮೂರು ದಿನಗಳಲ್ಲಿ ತಗ್ಗುತ್ತವೆ. ತಮಗೆ ಮಾಡಿದ್ದು ಯಾವ ವಿಧ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಂಡು ಬರುವುದು ಒಳಿತು. ಊರಿನಲ್ಲಿ ಬೇರೆ ವೈದ್ಯರನ್ನು ಕಾಣಬೇಕಾಗಿ ಬಂದರೆ ಮೊದಲು ನೆರವಿಗೆ ಬರುವುದು ಆ ಚೀಟಿಯೇ.

ದಿನದಿಂದ ದಿನಕ್ಕೆ

ಮೊದಲ ಮೂರು ದಿನ: ಬಿಸಿಲಿಗೆ ಸುಟ್ಟಂತಹ ಉರಿ ಇರುತ್ತದೆ. ಮುಖ ಊದಿಕೊಳ್ಳುತ್ತದೆ, ಕಣ್ಣಿನ ಸುತ್ತ ಊತ ಎರಡನೆಯ ಮೂರನೆಯ ದಿನ ಹೆಚ್ಚಾಗಿ ಕಾಣುತ್ತದೆ. ತಿಳಿಯಾದ, ನಸುಹಳದಿ ರಸಿಗೆ ಒಸರುತ್ತದೆ. ಇವೆಲ್ಲ ಸಹಜ. ತಲೆಯ ಕೆಳಗೆ ಎರಡು ದಿಂಬು ಇಟ್ಟು ಮಲಗಿದರೆ ಊತ ತಗ್ಗುತ್ತದೆ. ಶುಭ್ರ ಬಟ್ಟೆಯಲ್ಲಿ ಸುತ್ತಿದ ತಣ್ಣನೆಯ ಒತ್ತಡ ಉರಿಯನ್ನು ಶಮನಗೊಳಿಸುತ್ತದೆ. ಮಂಜುಗಡ್ಡೆಯನ್ನು ನೇರವಾಗಿ ಮುಖಕ್ಕೆ ಇಡಬಾರದು.

ನಾಲ್ಕರಿಂದ ಹತ್ತನೆಯ ದಿನ: ಚರ್ಮ ಕಂದು ಬಣ್ಣಕ್ಕೆ ತಿರುಗಿ ಹೊಟ್ಟಿನಂತೆ ಸುಲಿಯತೊಡಗುತ್ತದೆ, ತುರಿಕೆ ಆರಂಭವಾಗುತ್ತದೆ. ಇದೇ ಅತ್ಯಂತ ಎಚ್ಚರಿಕೆಯ ಕಾಲ. ಹಕ್ಕಳೆಯನ್ನು ಉಗುರಿನಿಂದ ಕಿತ್ತರೆ ಆ ಜಾಗದಲ್ಲಿ ಕಾಯಂ ಕಲೆ ಉಳಿಯಬಹುದು. ತುರಿಕೆ ತಡೆಯಲಾಗದಿದ್ದರೆ ವೈದ್ಯರಿಂದ ಮಾತ್ರೆ ಪಡೆಯಬೇಕೇ ಹೊರತು ಕೆರೆದುಕೊಳ್ಳಬಾರದು.

ಎರಡನೆಯ ವಾರದಿಂದ ಮೂರನೆಯ ತಿಂಗಳು: ಹೊಸ ಚರ್ಮ ಎಳೆಯ ಚಿಗುರಿನಂತೆ ನಸುಗೆಂಪಾಗಿ, ನುಣುಪಾಗಿ ಇರುತ್ತದೆ. ಮುಲಾಮಿನ ಬಳಕೆಯಿಂದ ಸಣ್ಣ ಬಿಳಿ ಗುಳ್ಳೆಗಳು ಅಥವಾ ಮೊಡವೆಗಳು ಏಳಬಹುದು. ಇವು ಸಾಮಾನ್ಯವಾಗಿ ತಾವಾಗಿಯೇ ಇಳಿಯುತ್ತವೆ.

ಮೂರರಿಂದ ಆರು ತಿಂಗಳು: ಒಳಗಿನ ಕೊಲಾಜೆನ್ ಸದ್ದಿಲ್ಲದೆ ಬೆಳೆಯುವ ಕಾಲ. ಊತವಿದ್ದಾಗ ಗುಳಿಗಳು ಮಾಯವಾದಂತೆ ತೋರಿ, ಊತ ಇಳಿದಾಗ ಮತ್ತೆ ಕಾಣಿಸಿಕೊಂಡು ನಿರಾಶೆಯಾಗುವುದುಂಟು. ನಿಜವಾದ ಫಲಿತಾಂಶವನ್ನು ಅಳೆಯಬೇಕಾದುದು ಆರು ತಿಂಗಳ ಬಳಿಕವೇ.

ಗಾಯ ಒಣಗಬಾರದು

'ಗಾಳಿಗೆ ಬಿಟ್ಟರೆ ಗಾಯ ಬೇಗ ಒಣಗುತ್ತದೆ' ಎಂಬುದು ಮನೆಮನೆಯ ನಂಬಿಕೆ. ಲೇಸರ್ ಗಾಯಕ್ಕೆ ಇದು ಹೊಂದುವುದಿಲ್ಲ. ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಬೇಗ ಹರಡುತ್ತದೆ ಎಂಬುದನ್ನು ಬ್ರಿಟನ್ನಿನ ಜಾರ್ಜ್ ವಿಂಟರ್ 1962ರಲ್ಲಿಯೇ ತೋರಿಸಿಕೊಟ್ಟಿದ್ದಾರೆ. ಒಣಗಿ ಗಟ್ಟಿಯಾದ ಹಕ್ಕಳೆಯ ಅಡಿಯಲ್ಲಿ ಕೋಶಗಳು ದಾರಿ ಹುಡುಕಿಕೊಂಡು ಸಾಗಬೇಕಾಗುತ್ತದೆ.

ಆದ್ದರಿಂದ ಕೈಯನ್ನು ಸೋಪಿನಿಂದ ತೊಳೆದುಕೊಂಡು, ವೈದ್ಯರು ಹೇಳಿದಷ್ಟು ಬಾರಿ, ಕುದಿಸಿ ಆರಿಸಿದ ನೀರು ಅಥವಾ ಸಲೈನ್‌ನಿಂದ ಮುಖವನ್ನು ಮೃದುವಾಗಿ ಶುಚಿಗೊಳಿಸಬೇಕು. ಉಜ್ಜದೆ, ಶುಭ್ರ ಬಟ್ಟೆಯನ್ನು ಒತ್ತಿ ನೀರು ತೆಗೆದು, ಸುವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಹಚ್ಚಬೇಕು. ಚರ್ಮ ಬಿಗಿಯಾದಂತೆ ಅನಿಸುವ ಮುನ್ನವೇ ಮತ್ತೆ ಹಚ್ಚಬೇಕು. ಮನೆಯಲ್ಲಿ ಸಿಕ್ಕ ಆಂಟಿಬಯಾಟಿಕ್ ಮುಲಾಮು ಬೇಡ. ನಿಯೋಮೈಸಿನ್‌ನಂತಹ ಔಷಧಗಳು ಹಸಿ ಚರ್ಮದ ಮೇಲೆ ಅಲರ್ಜಿ ಉಂಟುಮಾಡುವುದುಂಟು.

ಅರಿಶಿನ, ನಿಂಬೆರಸ, ಕಡಲೆಹಿಟ್ಟು, ಹಾಲಿನ ಕೆನೆ, ತೋಟದ ಲೋಳೆಸರ - ಇವಾವುವೂ ತೆರೆದ ಗಾಯದ ಮೇಲೆ ಸಲ್ಲವು. ಹಿರಿಯರು ಪ್ರೀತಿಯಿಂದ ಹೇಳಿದರೂ ನಯವಾಗಿ ನಿರಾಕರಿಸುವುದೇ ಕ್ಷೇಮ. ನಿಂಬೆರಸ ಹಚ್ಚಿದ ಚರ್ಮಕ್ಕೆ ಬಿಸಿಲು ತಾಗಿದರೆ ಸುಟ್ಟ ಗಾಯವೇ ಆಗಿ ಕಪ್ಪು ಕಲೆ ಉಳಿಯಬಲ್ಲದು.

ನಮ್ಮ ಮೈಬಣ್ಣ, ನಮ್ಮ ಬಿಸಿಲು

ಬಿಳಿಯ ಚರ್ಮದವರಿಗಾಗಿ ಬರೆದ ಸಲಹೆಗಳನ್ನು ನಮ್ಮವರು ಹಾಗೆಯೇ ಅನುಸರಿಸುವಂತಿಲ್ಲ. ಬಿಸಿಲಿಗೆ ಚರ್ಮ ಸ್ಪಂದಿಸುವ ಬಗೆಯನ್ನು ಅಮೆರಿಕದ ವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ವರ್ಗೀಕರಿಸಿದರು. ಇಂದು ಆರು ವಿಧಗಳಿರುವ ಆ ಪಟ್ಟಿಯಲ್ಲಿ ದಕ್ಷಿಣ ಭಾರತೀಯರು ಹೆಚ್ಚಾಗಿ ಸೇರುವುದು ನಾಲ್ಕು ಮತ್ತು ಐದನೆಯ ವಿಧಕ್ಕೆ. ಈ ಚರ್ಮ ಗಾಯವಾದಾಗ ಮೆಲನಿನ್ ವರ್ಣದ್ರವ್ಯವನ್ನು ಅತಿಯಾಗಿ ಸುರಿಸುತ್ತದೆ. ಪರಿಣಾಮವಾಗಿ, ಚಿಕಿತ್ಸೆಯಾಗಿ ಮೂರು ನಾಲ್ಕು ವಾರಗಳಲ್ಲಿ, ಎಲ್ಲವೂ ಸರಿಹೋಯಿತೆನ್ನುವ ಹೊತ್ತಿಗೆ, ಮುಖ ಕಪ್ಪಿಡತೊಡಗುತ್ತದೆ. ಮೊದಲೇ ಬಂಗು ಇರುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಈ ಕಪ್ಪು ಬಹುತೇಕ ತಾತ್ಕಾಲಿಕ. ವೈದ್ಯರ ಮೇಲ್ವಿಚಾರಣೆಯ ಚಿಕಿತ್ಸೆಯಿಂದ ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ. ಆದರೆ ಗಾಬರಿಗೊಂಡು ಔಷಧ ಅಂಗಡಿಯಲ್ಲಿ 'ಬಿಳುಪಿನ ಕ್ರೀಮ್' ಕೇಳಿ ಹಚ್ಚಿಕೊಳ್ಳುವುದು ಹೊಸ ಅನಾಹುತಕ್ಕೆ ದಾರಿ. ಅವುಗಳಲ್ಲಿ ಹಲವು ಸ್ಟೀರಾಯ್ಡ್ ಬೆರೆತವು. ಚರ್ಮವನ್ನು ತೆಳುವಾಗಿಸಿ, ಮೊಡವೆ ಮತ್ತು ರಕ್ತನಾಳದ ಗೆರೆಗಳನ್ನು ಉಂಟುಮಾಡುತ್ತವೆ. ಈ ದುರ್ಬಳಕೆ ತಡೆಯಲೆಂದೇ ಕೇಂದ್ರ ಸರ್ಕಾರ 2018ರಲ್ಲಿ ಹಲವು ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂಬ ಪಟ್ಟಿಗೆ ಸೇರಿಸಿದೆ.

ಬಿಸಿಲಿನಿಂದ ರಕ್ಷಣೆಯೇ ಮುಖ್ಯ ಔಷಧ. ಚರ್ಮ ಮುಚ್ಚಿಕೊಳ್ಳುವ ತನಕ ಕೊಡೆ, ಅಗಲ ಅಂಚಿನ ಟೋಪಿ, ನೆರಳು. ಮುಚ್ಚಿಕೊಂಡ ಮೇಲೆ ಸತು ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ, ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಹಚ್ಚಬೇಕು. ಕಬ್ಬಿಣದ ಆಕ್ಸೈಡ್ ಬೆರೆತ, ಮೈಬಣ್ಣದ ಸನ್‌ಸ್ಕ್ರೀನ್ ಕಣ್ಣಿಗೆ ಕಾಣುವ ಬೆಳಕಿನಿಂದಲೂ ರಕ್ಷಿಸುತ್ತದೆ. ನಮ್ಮ ಚರ್ಮ ಆ ಬೆಳಕಿಗೂ ಕಪ್ಪಾಗುತ್ತದೆ. ಸಕಲೇಶಪುರದ ಕಡೆಯ ಮೋಡ ಮುಸುಕಿದ ದಿನಗಳೂ ಸುರಕ್ಷಿತವಲ್ಲ. ಮೋಡವನ್ನು ಹಾದು ಅತಿನೇರಳೆ ಕಿರಣ ನೆಲ ಮುಟ್ಟುತ್ತದೆ.

ಬಿಸಿಲಷ್ಟೇ ಅಲ್ಲ, ಶಾಖವೂ ಶತ್ರುವೇ. ಒಲೆಯ ಮುಂದಿನ ಅಡುಗೆ, ಹೋಮದ ಹೊಗೆ, ರಾಮನಾಥಪುರದ ಸೀಮೆಯ ತಂಬಾಕು ಹದಮಾಡುವ ಬ್ಯಾರನ್‌ಗಳ ಕೆಲಸ ಕೆಲವು ವಾರ ಬೇಡ. ಧೂಮಪಾನ ಗಾಯ ಮಾಯುವುದನ್ನು ನಿಧಾನಗೊಳಿಸುತ್ತದೆ. ಬ್ಲೀಚ್, ಫೇಶಿಯಲ್, ಥ್ರೆಡಿಂಗ್, ರೆಟಿನಾಲ್‌ನಂತಹ ಲೇಪನಗಳು ವೈದ್ಯರು ಅನುಮತಿಸುವವರೆಗೆ ನಿಷಿದ್ಧ. ಪುರುಷರು ಚರ್ಮ ಪೂರ್ತಿ ಮುಚ್ಚುವವರೆಗೆ ಕ್ಷೌರ ಮುಂದೂಡಬೇಕು.

ಮುಹೂರ್ತಕ್ಕೆ ಮುನ್ನ ಲೆಕ್ಕ

ಮದುವೆ ನಿಶ್ಚಯವಾದ ಮೇಲೆ ಅವಸರದಲ್ಲಿ ಲೇಸರ್ ಮಾಡಿಸಿಕೊಳ್ಳುವುದು ಸಾಮಾನ್ಯ ತಪ್ಪು. ಮೂರನೆಯ ವಾರದಲ್ಲಿ ಮೂಡುವ ಕಪ್ಪು, ಇನ್ನೂ ಆರದ ಕೆಂಪು - ಇವೆರಡೂ ಸರಿಯಾಗಿ ಮುಹೂರ್ತದ ದಿನಕ್ಕೇ ಬಂದು ನಿಲ್ಲಬಹುದು. ಮೇಲಾಗಿ ಅರಿಶಿನ ಶಾಸ್ತ್ರದಂದು ಎಳೆಯ ಚರ್ಮಕ್ಕೆ ಅರಿಶಿನ, ಎಣ್ಣೆ ಉಜ್ಜುವುದು ಅಪಾಯಕರ. ಕೊನೆಯ ಚಿಕಿತ್ಸೆಗೂ ಮದುವೆಗೂ ಕನಿಷ್ಠ ಮೂರು, ಸಾಧ್ಯವಾದರೆ ಆರು ತಿಂಗಳ ಅಂತರವಿರಬೇಕು. ವೈಶಾಖದ ಬಿಸಿಲಿಗಿಂತ ಮಳೆಗಾಲ, ಚಳಿಗಾಲಗಳು ಚಿಕಿತ್ಸೆಗೆ ಅನುಕೂಲ. ದೀಪಾವಳಿಯ ಆಸುಪಾಸಿನ ಕೆಲವೇ ದಿನ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕೆ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುವ ಸಂಕಲ್ಪವಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಯಾವಾಗ ತಡಮಾಡಬಾರದು?

ದಿನ ಕಳೆದಂತೆ ನೋವು ಕಡಿಮೆಯಾಗಬೇಕು. ಇಳಿದ ನೋವು ಮತ್ತೆ ಏರಿದರೆ ಅದು ಸೋಂಕಿನ ಮೊದಲ ಸೂಚನೆ. ದಪ್ಪನೆಯ ಹಳದಿ ಅಥವಾ ಹಸಿರು ಕೀವು, ದುರ್ವಾಸನೆ, ಜ್ವರ, ಒಂದೇ ಕಡೆ ಹೆಚ್ಚುತ್ತಿರುವ ಊತ ಕಂಡರೆ ಅಂದೇ ವೈದ್ಯರನ್ನು ಕಾಣಬೇಕು. ನೀರು ತುಂಬಿದ ಸಣ್ಣ ಗುಳ್ಳೆಗಳು ಗುಂಪಾಗಿ ಏಳುವುದು ಹರ್ಪಿಸ್ ವೈರಸ್‌ನ ಲಕ್ಷಣ. ತುಟಿಯ ಬಳಿ ಆಗಾಗ ಜ್ವರದ ಗುಳ್ಳೆ ಏಳುವವರಲ್ಲಿ ಲೇಸರ್ ಇದನ್ನು ಕೆರಳಿಸಿ ಮುಖವಿಡೀ ಹರಡಿಸಬಲ್ಲದು. ಆದ್ದರಿಂದ ಇಂಥ ಇತಿಹಾಸವನ್ನು ಮೊದಲೇ ತಿಳಿಸಿದರೆ ಅಸೈಕ್ಲೋವಿರ್ ಬಗೆಯ ಮಾತ್ರೆಗಳನ್ನು ಮುಂಚಿತವಾಗಿ ನೀಡಲಾಗುತ್ತದೆ. ಒಂದೇ ಜಾಗ ವಾರಗಟ್ಟಲೆ ಗಾಢ ಕೆಂಪಾಗಿ, ಗಟ್ಟಿಯಾಗುತ್ತಿದ್ದರೆ ಗಂಟುಗಾಯ ಕಟ್ಟುತ್ತಿರುವ ಸಾಧ್ಯತೆಯಿದೆ. ಬೇಗ ಗುರುತಿಸಿದರೆ ತಡೆಯಬಹುದು. ಕುತ್ತಿಗೆ ಮತ್ತು ಕೈಗಳಲ್ಲಿ ಹೊಸ ಚರ್ಮ ಹುಟ್ಟಲು ಬೇಕಾದ ರೋಮಕೂಪಗಳು ಮುಖಕ್ಕಿಂತ ಕಡಿಮೆ ಇರುವುದರಿಂದ ಅಲ್ಲಿ ಎಚ್ಚರ ಹೆಚ್ಚು ಬೇಕು.

ಇಂತಹ ಸಂದರ್ಭದಲ್ಲಿ ಬೆಂಗಳೂರಿನ ದಿನಾಂಕಕ್ಕಾಗಿ ಕಾಯುವ ಅಗತ್ಯವಿಲ್ಲ. 2006ರಲ್ಲಿ ಆರಂಭವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯಲ್ಲಿ ಚರ್ಮರೋಗ ತಜ್ಞರನ್ನು ಕಾಣಬಹುದು. ಲೇಸರ್ ಮಾಡಿಸಿದ್ದನ್ನು ಸಂಕೋಚದಿಂದ ಮುಚ್ಚಿಡದೆ ಹೇಳಬೇಕು. ಸೋಂಕಿಗೆ ಚಿಕಿತ್ಸೆ ನೀಡಲು ಲೇಸರ್ ಯಂತ್ರ ಬೇಕಿಲ್ಲ. ಸರಿಯಾದ ಸಮಯಕ್ಕೆ ಸರಿಯಾದ ಔಷಧ ಸಾಕು.

ಹಣ ಕಟ್ಟುವ ಮುನ್ನ

ಕಿರಣ ಹಾಯಿಸುವವರು ಅರ್ಹ ಚರ್ಮರೋಗ ತಜ್ಞರೇ ಅಥವಾ ಪ್ಲಾಸ್ಟಿಕ್ ಸರ್ಜನ್ನರೇ, ಇಲ್ಲವೆ ಸೌಂದರ್ಯ ಕೇಂದ್ರದ ಸಿಬ್ಬಂದಿಯೇ? ಕಿವಿಯ ಹಿಂದಿನಂತಹ ಕಾಣದ ಜಾಗದಲ್ಲಿ ಪರೀಕ್ಷಾರ್ಥ ಪ್ರಯೋಗ ಮಾಡುವರೇ? ರಾತ್ರಿ ತೊಂದರೆಯಾದರೆ ಯಾರಿಗೆ ಕರೆ ಮಾಡಬೇಕು? ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ಸೇವಿಸಿದವರು, ಮಧುಮೇಹಿಗಳು, ಗಂಟುಗಾಯದ ಪ್ರವೃತ್ತಿಯುಳ್ಳವರು ಅದನ್ನು ತಿಳಿಸಲೇಬೇಕು.

2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯನ್ವಯ ಖಾಸಗಿ ಚಿಕಿತ್ಸಾಲಯಗಳು ನೋಂದಣಿ ಪಡೆದಿರಬೇಕು. ಆ ಪತ್ರವನ್ನು ಕೇಳಿ ನೋಡುವುದು ತಪ್ಪಲ್ಲ. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ತೀರ್ಪಿತ್ತಿದೆ. ರಸೀದಿ, ಒಪ್ಪಿಗೆ ಪತ್ರದ ಪ್ರತಿ, ಚಿಕಿತ್ಸೆಗೆ ಮುನ್ನ ಮತ್ತು ನಂತರದ ಛಾಯಾಚಿತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಲೇಸರ್ ಗುಳಿಗಳನ್ನು ತಗ್ಗಿಸಬಲ್ಲದು, ಪೂರ್ತಿ ಅಳಿಸಲಾರದು. ಈ ಸತ್ಯವನ್ನು ಮೊದಲೇ ಒಪ್ಪಿಕೊಂಡು, ಕನಿಷ್ಠ ಹತ್ತು ದಿನಗಳ ರಜೆ, ನೋಡಿಕೊಳ್ಳಲು ಮನೆಯಲ್ಲೊಬ್ಬರು, ಸಮೀಪದಲ್ಲಿ ಪರಿಚಿತ ವೈದ್ಯರು - ಈ ಮೂರನ್ನು ಹೊಂದಿಸಿಕೊಂಡ ಮೇಲೆಯೇ ದಿನಾಂಕ ಗೊತ್ತುಮಾಡಿಕೊಳ್ಳುವುದು ವಿವೇಕ.