ಇಇಪ್ರಾಮ್ ಸವೆತ ನಿರ್ವಹಣೆ

ಇಇಪ್ರಾಮ್ ಸವೆತ ನಿರ್ವಹಣೆ ಎಂದರೆ ಮೈಕ್ರೋಕಂಟ್ರೋಲರ್‌ನ ಇಇಪ್ರಾಮ್ ಸ್ಮೃತಿಯಲ್ಲಿ ಪದೇ ಪದೇ ಬದಲಾಗುವ ಮೌಲ್ಯಗಳನ್ನು ಉಳಿಸುವಾಗ ಅದರ ಕೋಶಗಳು ಬೇಗ ಹಾಳಾಗದಂತೆ ನೋಡಿಕೊಳ್ಳುವ ವಿಧಾನ. ವಿದ್ಯುತ್ ಹೋದರೂ ಇಇಪ್ರಾಮ್‌ನಲ್ಲಿರುವ ದತ್ತಾಂಶ ಅಳಿಯುವುದಿಲ್ಲ. ಆದರೆ ಪ್ರತಿ ಬರವಣಿಗೆಯಲ್ಲೂ ತೆಳುವಾದ ಆಕ್ಸೈಡ್ ಪದರದ ಮೂಲಕ ಎಲೆಕ್ಟ್ರಾನ್‌ಗಳು ಹಾಯುವುದರಿಂದ ಆ ಪದರ ಕ್ರಮೇಣ ದುರ್ಬಲಗೊಳ್ಳುತ್ತದೆ. ಓದುವುದರಿಂದ ಈ ಸವೆತ ಉಂಟಾಗುವುದಿಲ್ಲ. ಆರ್ಡುಯಿನೊ ಊನೊ ಫಲಕದ ಎಟಿಮೆಗಾ328ಪಿ ಚಿಪ್‌ನಲ್ಲಿ 1024 ಬೈಟ್ ಇಇಪ್ರಾಮ್ ಇದ್ದು, ತಯಾರಕರು 1,00,000 ಬರವಣಿಗೆಗಳ ಮಿತಿಯನ್ನು ಸೂಚಿಸಿದ್ದಾರೆ. ಈ ಮಿತಿ ಪ್ರತಿ ಬೈಟ್‌ಗೂ ಪ್ರತ್ಯೇಕ.

ಉದಾಹರಣೆಗೆ, ಕೊಳ್ಳೇಗಾಲ, ಹನೂರು ಅಥವಾ ಯಳಂದೂರಿನ ಹೊಲವೊಂದರಲ್ಲಿ ಕೊಳವೆಬಾವಿಯ ಪಂಪ್ ಒಟ್ಟು ಎಷ್ಟು ನಿಮಿಷ ಓಡಿತೆಂದು ಎಣಿಸುವ ಸಾಧನವನ್ನು ಊಹಿಸಿಕೊಳ್ಳಬಹುದು. ಪಂಪ್‌ಸೆಟ್‌ಗಳಿಗೆ ತ್ರೀ-ಫೇಸ್ ವಿದ್ಯುತ್ ದಿನದ ಕೆಲವೇ ಗಂಟೆ ಇರುವುದರಿಂದ ಎಣಿಕೆಯನ್ನು ಉಳಿಸಲೇಬೇಕು. ಒಂದೇ ಸ್ಥಾನದಲ್ಲಿ ಸೆಕೆಂಡಿಗೊಮ್ಮೆ ಬರೆದರೆ ಸುಮಾರು 28 ಗಂಟೆಗಳಲ್ಲಿ ಮಿತಿ ಮುಗಿಯುತ್ತದೆ. ನಿಮಿಷಕ್ಕೊಮ್ಮೆಯಾದರೆ 69 ದಿನಗಳ ಓಟಕ್ಕೆ. ನಾಲ್ಕು ಬೈಟ್‌ಗಳ 64 ಸ್ಥಾನಗಳನ್ನು ಸರದಿಯಂತೆ ಬಳಸಿದರೆ ನಿಮಿಷಕ್ಕೊಮ್ಮೆ ಬರೆದರೂ 12 ವರ್ಷಗಳ ನಿರಂತರ ಓಟಕ್ಕೆ ಸಾಲುತ್ತದೆ.

ಎಣಿಕೆ ಏರುತ್ತಲೇ ಹೋಗುವುದರಿಂದ, ವಿದ್ಯುತ್ ಮರಳಿದಾಗ ಸ್ಥಾನಗಳಲ್ಲಿರುವ ಅತಿ ದೊಡ್ಡ ಮೌಲ್ಯವೇ ಇತ್ತೀಚಿನದು. (ಏರಿಳಿಯುವ ಮೌಲ್ಯವಾದರೆ ಜೊತೆಗೆ ಕ್ರಮಸಂಖ್ಯೆ ಬೇಕಾಗುತ್ತದೆ.) ಹೊಸ ಚಿಪ್‌ನ ಖಾಲಿ ಬೈಟ್‌ಗಳ ಮೌಲ್ಯ 255 ಆಗಿರುವುದರಿಂದ ಮೊದಲೊಮ್ಮೆ ಎಲ್ಲವನ್ನೂ ಸೊನ್ನೆ ಮಾಡಬೇಕು. ಪ್ರಸ್ತುತ ಸ್ಥಾನದ ಸಂಖ್ಯೆಯನ್ನು ಬೇರೊಂದು ನಿಗದಿತ ಬೈಟ್‌ನಲ್ಲಿ ಬರೆದಿಡುವುದು ಸುಲಭವಾಗಿ ಆಗುವ ತಪ್ಪು. ಆಗ ಆ ಬೈಟೇ ಮೊದಲು ಸವೆದು ಇಡೀ ಏರ್ಪಾಡು ವ್ಯರ್ಥವಾಗುತ್ತದೆ.

ಬರೆಯುತ್ತಿರುವಾಗಲೇ ವೋಲ್ಟೇಜ್ ಕುಸಿದರೆ ಮೌಲ್ಯ ಕೆಡಬಹುದು. ಆದ್ದರಿಂದ ಚಿಪ್‌ನ ಬ್ರೌನ್-ಔಟ್ ಪತ್ತೆ ಸೌಲಭ್ಯವನ್ನು ಬಳಸಿ, ಪ್ರತಿ ದಾಖಲೆಗೂ ಒಂದು ಬೈಟ್ ಚೆಕ್‌ಸಮ್ ಸೇರಿಸಲಾಗುತ್ತದೆ. ಚೆಕ್‌ಸಮ್ ಹೊಂದದ ದಾಖಲೆಯನ್ನು ಕೈಬಿಟ್ಟರೆ ಹಿಂದಿನ ಸ್ಥಾನದ ಎಣಿಕೆ ಉಳಿದಿರುತ್ತದೆ. ನಷ್ಟವಾಗುವುದು ಒಂದು ನಿಮಿಷ ಮಾತ್ರ.