ಬಣ್ಣದ ಸಾಕ್ಷಿ

ಕಳೆದ ತಿಂಗಳು ಹಳೆಯ ಪೆಟ್ಟಿಗೆಯೊಂದನ್ನು ತೆರೆದಾಗ ನಮ್ಮ ತಾಯಿಯವರ ಎರಡು ಸ್ಲೈಡುಗಳು ಕೈಗೆ ಸಿಕ್ಕಿದುವು. ಒಂದು, ಸೋದರಮಾವ 1966ರಲ್ಲಿ ಕೊಡಾಕ್ರೋಮ್ ಫಿಲ್ಮಿನಲ್ಲಿ ತೆಗೆದದ್ದು. ಇನ್ನೊಂದು, ನಾನು 1994ರಲ್ಲಿ ವೆಲ್ವಿಯಾದಲ್ಲಿ ತೆಗೆದದ್ದು. ಎರಡರಲ್ಲಿಯೂ ಉಟ್ಟಿರುವುದು ಅದೇ ಧಾರೆಯ ಸೀರೆ. ಮೊದಲನೆಯದರಲ್ಲಿ ಅದು ಕುಂಕುಮದಂತೆ ಗಂಭೀರ. ಎರಡನೆಯದರಲ್ಲಿ ನಿಗಿನಿಗಿ ಕೆಂಡ. ಬಟ್ಟೆ ಹಳತಾದಂತೆ ಬಣ್ಣ ಏರುವುದುಂಟೆ? ನಾನು ಮೊದಲನೆಯದೇ ನಿಜವೆಂದೆ, ತಂಗಿ ಎರಡನೆಯದೆಂದಳು. ಸೀರೆ ಈಗಿಲ್ಲ, ತಾಯಿಯೂ ಇಲ್ಲ.

ಕಾಗದದ ಚಿತ್ರವಾದರೆ ಮುದ್ರಿಸುವವನು ಬಣ್ಣವನ್ನು ತಿದ್ದಬಹುದು. ಸ್ಲೈಡಿನಲ್ಲಿ ಆ ಅವಕಾಶವಿಲ್ಲ. ಕ್ಯಾಮೆರಾದೊಳಗೆ ಬೆಳಕು ಕಂಡ ಫಿಲ್ಮೇ ಚಿತ್ರ. ಆದುದರಿಂದ ಬಣ್ಣದ ಗಾಢತೆ ಬಹುಮಟ್ಟಿಗೆ ಫಿಲ್ಮು ತಯಾರಿಸಿದವನ ಕೈಯಲ್ಲಿತ್ತು.

ಕೊಡಾಕ್ರೋಮನ್ನು ರೂಪಿಸಿದವರು ಇಬ್ಬರು ಸಂಗೀತಗಾರರೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಲಿಯೊಪೋಲ್ಡ್ ಮ್ಯಾನ್ಸ್ ಪಿಯಾನೋ ವಾದಕ. ಲಿಯೊಪೋಲ್ಡ್ ಗೊಡೋವ್ಸ್ಕಿ ಪಿಟೀಲು ವಾದಕ. ಕತ್ತಲೆಕೋಣೆಯಲ್ಲಿ ಬ್ರಾಹ್ಮ್ಸ್‌ನ ಸಂಗೀತವನ್ನು ಶಿಳ್ಳೆ ಹಾಕುತ್ತ ಕಾಲವನ್ನು ಅಳೆಯುತ್ತಿದ್ದರಂತೆ! 1935ರಲ್ಲಿ ಚಲನಚಿತ್ರಕ್ಕೆ, 1936ರಲ್ಲಿ ಸ್ಲೈಡಿಗೆ ಅದು ಪೇಟೆಗೆ ಬಂತು. ಅದರ ಪದರಗಳಲ್ಲಿ ಬಣ್ಣ ಕಟ್ಟುವ ರಾಸಾಯನಿಕಗಳಿರಲಿಲ್ಲ; ಸಂಸ್ಕರಣದ ವೇಳೆ ಒಂದೊಂದೇ ಪದರಕ್ಕೆ ಬಣ್ಣ ಕೊಡಬೇಕಾಗಿತ್ತು. 1936ರಲ್ಲೇ ಜರ್ಮನಿಯ ಆಗ್ಫಾ ಆ ರಾಸಾಯನಿಕಗಳನ್ನು ಫಿಲ್ಮಿನೊಳಗೇ ಇಟ್ಟಿತು. ಮುಂದೆ ಬಂದ ಸ್ಲೈಡ್ ಫಿಲ್ಮುಗಳು ಹೆಚ್ಚಾಗಿ ಈ ದಾರಿಯನ್ನೇ ಹಿಡಿದುವು.

ಜಪಾನಿನ ಫ್ಯೂಜಿ 1990ರಲ್ಲಿ ತಂದ ವೆಲ್ವಿಯಾ ಈ ದಾರಿಯ ತುತ್ತತುದಿ. ಅದರ ವೇಗ ಕೇವಲ 50. ಬಣ್ಣದ ಗಾಢತೆಯೆಂದರೆ ಅದರಲ್ಲಿ ಬೂದುಬಣ್ಣದ ಬೆರಕೆ ಕಡಮೆಯಾಗುವುದು. ಒಂದು ಪದರ ಬೆಳೆಯುವಾಗ ನೆರೆಯ ಪದರವನ್ನು ಅಂಕೆಯಲ್ಲಿಡುವಂತೆ ಮಾಡಿ ಈ ಶುದ್ಧಿಯನ್ನು ಸಾಧಿಸುತ್ತಾರೆ. ಎಲೆಯ ಹಸಿರು, ಸಂಜೆಯ ಕೆಂಪು ಕಣ್ಣು ಕಂಡುದಕ್ಕಿಂತ ಮಿಗಿಲಾದುವು. ನಿಸರ್ಗದ ಛಾಯಾಗ್ರಾಹಕರು ಇದಕ್ಕೆ ಮರುಳಾದರು. ಆದರೆ ಮನುಷ್ಯರ ಮುಖಕ್ಕೆ ಇದು ಹೇಳಿಸಿದ್ದಲ್ಲ. ಚರ್ಮಕ್ಕೆ ಇಲ್ಲದ ಕೆಂಪನ್ನು ತರುತ್ತದೆ.

ಕೊಡಾಕ್ರೋಮೂ ಪೂರ್ಣ ಸತ್ಯವಂತನೇನಲ್ಲ. ಅದರ ಕೆಂಪೂ ಅದರದೇ ಆಯ್ಕೆ. ಕತ್ತಲಲ್ಲಿಟ್ಟರೆ ದಶಕಗಳ ಕಾಲ ಮಾಸದ ಅದು ಪ್ರೊಜೆಕ್ಟರಿನ ಬೆಳಕಿಗೆ ಬೇಗ ಸೋಲುತ್ತದೆ. 2009ರಲ್ಲಿ ಅದರ ತಯಾರಿಕೆ ನಿಂತಿತು. ಅದನ್ನು ಸಂಸ್ಕರಿಸುತ್ತಿದ್ದ ಕೊನೆಯ ಕೇಂದ್ರ, ಅಮೆರಿಕದ ಕ್ಯಾನ್ಸಾಸ್ ಸಂಸ್ಥಾನದ ಪಾರ್ಸನ್ಸ್ ಊರಿನದು, 2010ರ ಡಿಸೆಂಬರ್ ಕೊನೆಯಲ್ಲಿ ಆ ಕೆಲಸವನ್ನು ನಿಲ್ಲಿಸಿತು.

ಇಷ್ಟನ್ನು ತಂಗಿಗೆ ಹೇಳಿದ್ದರೆ ವಾದದಲ್ಲಿ ನಾನೇ ಗೆಲ್ಲುತ್ತಿದ್ದೆ. ಆದರೆ 1994ರಲ್ಲಿ ತಾಯಿ ಬಹಳ ದಿನ ಕಾಯಿಲೆ ಮಲಗಿದ್ದರು, ಮುಖ ಬಿಳಿಚಿಕೊಂಡಿತ್ತು. ದೂರದೂರಿನಲ್ಲಿದ್ದ ತಂಗಿಗೆ ಅಂಚೆಯಲ್ಲಿ ಆ ಸ್ಲೈಡನ್ನು ಕಳುಹಿಸಿದ್ದೆ. ಅವಳು ಬೆಳಕಿಗೆ ಹಿಡಿದು, ಕೆನ್ನೆಯ ಕೆಂಪನ್ನು ನೋಡಿ, ಅಮ್ಮ ಚೇತರಿಸಿಕೊಂಡಿದ್ದಾರೆಂದು ಪ್ರಯಾಣವನ್ನು ಮುಂದಕ್ಕೆ ಹಾಕಿದಳು. ಬಂದಾಗ ತಡವಾಗಿತ್ತು.

ಸೀರೆಯ ಬಣ್ಣ ಸುಳ್ಳೆಂದರೆ ಕೆನ್ನೆಯ ಬಣ್ಣವೂ ಸುಳ್ಳೆನ್ನಬೇಕು. ಆ ದಿನ ಧೈರ್ಯ ಬರಲಿಲ್ಲ. ಸೀರೆ ಕೆಂಡದ ಬಣ್ಣದ್ದೇ ಎಂದು ಒಪ್ಪಿಕೊಂಡು ಪೆಟ್ಟಿಗೆಯನ್ನು ಮುಚ್ಚಿದೆ.