ಹೆಲ್ಪ್ ಫೈಲಿನ ಗಂಟು ಬಿಚ್ಚಿದವರು

ರಾಜಾಜಿನಗರದ ಒಂದು ಮನೆಯ ಮೇಲ್ಮಹಡಿಯಲ್ಲಿ ನಮ್ಮ ಕಂಪನಿ ಇತ್ತು. ಇದ್ದದ್ದು ಏಳು ಜನ. ಸಹಕಾರ ಸಂಘಗಳ ಲೆಕ್ಕ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುತ್ತಿದ್ದೆವು. ನನ್ನ ಪಾಲಿಗೆ ಬಂದದ್ದು ಅದರ ಹೆಲ್ಪ್ ಬರೆಯುವ ಕೆಲಸ. ಎಫ್1 ಒತ್ತಿದರೆ ಒಂದು ಕಿಟಕಿ ತೆರೆಯುತ್ತಿತ್ತಲ್ಲ, ಎಡಗಡೆ ಪುಟ್ಟ ಪುಸ್ತಕದ ಚಿತ್ರಗಳಿರುವ ಪರಿವಿಡಿ, ಬಲಗಡೆ ಬರಹ, ಅದು. ಯಾರೂ ಓದುವುದಿಲ್ಲ ಎಂದು ಗೊತ್ತಿದ್ದೂ ಅಚ್ಚುಕಟ್ಟಾಗಿ ಬರೆಯಬೇಕಾದ ಸಾಹಿತ್ಯ ಅದೊಂದೇ ಇರಬೇಕು. 2003ರಲ್ಲಿ ನಾನು ಇನ್ನೂರು ಚಿಲ್ಲರೆ ಪುಟ ಬರೆದೆ, ಅಷ್ಟೂ ಕನ್ನಡದಲ್ಲಿ.

ಆ ಪುಟಗಳೆಲ್ಲ ಕೊನೆಗೆ ಸಿ.ಎಚ್.ಎಂ. ಎಂಬ ಒಂದೇ ಫೈಲಿನೊಳಗೆ ಹೋಗುತ್ತಿದ್ದವು. ಅದಕ್ಕೂ ಮೊದಲು, 1990ರಲ್ಲಿ ವಿಂಡೋಸ್ 3.0 ಜೊತೆಗೆ ಬಂದ ವಿನ್‌ಹೆಲ್ಪ್ ಇತ್ತು. ವರ್ಡ್‌ನಲ್ಲಿ ಬರೆದು, ಅಡಿಟಿಪ್ಪಣಿಗಳಲ್ಲಿ ಗುಟ್ಟು ಗುರುತುಗಳನ್ನು ಹಾಕಿ ತಯಾರಿಸುತ್ತಿದ್ದ ಹೆಲ್ಪ್ ಅದು. ವೆಬ್‌ನ ಗಾಳಿ ಬೀಸತೊಡಗಿದ ಮೇಲೆ ಮೈಕ್ರೋಸಾಫ್ಟ್ 1997ರಲ್ಲಿ ಎಚ್‌ಟಿಎಂಎಲ್ ಹೆಲ್ಪ್ ತಂದಿತು. ಪುಟಗಳನ್ನು ಎಚ್‌ಟಿಎಂಎಲ್‌ನಲ್ಲೇ ಬರೆಯಿರಿ, ನಮ್ಮ ಕಂಪೈಲರ್ ಅವನ್ನು ಹಿಂಡಿ ಒಂದು ಗಂಟು ಮಾಡಿಕೊಡುತ್ತದೆ ಎಂಬುದು ಅದರ ಮಾತು. ಆ ಕಂಪೈಲರ್‌ನದೊಂದು ವಿಚಿತ್ರ ಗುಣ ಹೆಲ್ಪ್ ಬರೆಯುವವರಿಗೆಲ್ಲ ಗೊತ್ತು: ಕೆಲಸ ಕೂಡಿಬಂದರೆ 1 ಹೇಳುತ್ತದೆ, ಕೆಟ್ಟರೆ 0. ಉಳಿದ ಪ್ರೋಗ್ರಾಮುಗಳದು ಸಾಮಾನ್ಯವಾಗಿ ಇದಕ್ಕೆ ಉಲ್ಟಾ.

ಗಂಟು ಕಟ್ಟುವುದಕ್ಕೆ ಕಾರಣವೂ ಇತ್ತು. ಆಗಿನ ಎಫ್‌ಎಟಿ16 ಡಿಸ್ಕ್‌ಗಳು ಒಂದರಿಂದ ಎರಡು ಗಿಗಾಬೈಟ್ ಅಳತೆಯವಾದರೆ ಜಾಗವನ್ನು 32 ಕಿಲೋಬೈಟ್‌ನ ತುಂಡುಗಳಲ್ಲೇ ಹಂಚುತ್ತಿದ್ದವು. ಎರಡು ಕಿಲೋಬೈಟ್‌ನ ಪುಟಕ್ಕೂ 32 ಕಿಲೋಬೈಟ್ ಜಾಗ. ಅಂಥ ಐನೂರು ಪುಟ ಬಿಡಿಬಿಡಿಯಾಗಿ ಇಟ್ಟರೆ ಬರಹ ಒಂದು ಮೆಗಾಬೈಟ್, ಡಿಸ್ಕ್ ನುಂಗುವುದು ಹದಿನಾರರ ಹತ್ತಿರ. ಚಾಪೆಯಷ್ಟು ಜಾಗ ಬೇಕಾದವನಿಗೆ ಕಲ್ಯಾಣ ಮಂಟಪ ಬಾಡಿಗೆಗೆ ಕೊಟ್ಟ ಹಾಗೆ.

ಹಿಂಡುವ ವಿಧಾನದ ಹೆಸರು ಎಲ್‌ಝಡ್‌ಎಕ್ಸ್. ಅದು ಮೈಕ್ರೋಸಾಫ್ಟ್‌ನಲ್ಲಿ ಹುಟ್ಟಿದ್ದಲ್ಲ. ಜೊನಾಥನ್ ಫೋರ್ಬ್ಸ್ ಮತ್ತು ಟೋಮಿ ಪೌಟನೆನ್ ಎಂಬಿಬ್ಬರು 1995ರಲ್ಲಿ ಅಮಿಗಾ ಕಂಪ್ಯೂಟರಿಗಾಗಿ ಬರೆದದ್ದು. ಆಮೇಲೆ ಫೋರ್ಬ್ಸ್ ಮೈಕ್ರೋಸಾಫ್ಟ್ ಸೇರಿದರು, ವಿಧಾನವೂ ಅವರ ಬೆನ್ನಿಗೇ ಹೋಗಿ ಮೊದಲು ಕ್ಯಾಬ್ ಎಂಬ ಹಿಂಡಿದ ಫೈಲುಗಳಿಗೆ, ನಂತರ ಹೆಲ್ಪ್ ಫೈಲುಗಳಿಗೆ ಬಂತು. ಹಿಂಡಿದ ಫೈಲಿನ ದೊಡ್ಡ ತೊಂದರೆ ಏನೆಂದರೆ, ಮುನ್ನೂರನೆಯ ಪುಟ ಬೇಕಾದರೂ ಮೊದಲಿನಿಂದ ಬಿಚ್ಚಿಕೊಂಡೇ ಬರಬೇಕು. ಎಫ್1 ಒತ್ತಿದವನು ಅಷ್ಟು ಹೊತ್ತು ಕಾಯುವುದಿಲ್ಲ. ಅದಕ್ಕೆ ಸಿ.ಎಚ್.ಎಂ.ನಲ್ಲಿ ಉದ್ದ ಹಗ್ಗಕ್ಕೆ ಮಾರಿಗೊಂದು ಗಂಟು ಹಾಕಿದ ಹಾಗೆ ನಿಗದಿತ ದೂರಕ್ಕೊಮ್ಮೆ ಹಿಂಡುವಿಕೆಯನ್ನು ಹೊಸದಾಗಿ ಶುರುಮಾಡಿ, ಯಾವ ಗಂಟು ಎಲ್ಲಿದೆ ಎಂಬ ಪಟ್ಟಿಯನ್ನೂ ಇಟ್ಟಿದ್ದಾರೆ. ಬೇಕಾದ ಪುಟದ ಹಿಂದಿನ ಗಂಟಿನಿಂದ ಬಿಚ್ಚಿದರೆ ಸಾಕು. ಇದನ್ನು ಯೋಚಿಸಿದವರ ಮೇಲೆ ನನಗೆ ಇವತ್ತಿಗೂ ಗೌರವ.

ಆದರೆ ಈ ಗಂಟಿನ ಒಳರಚನೆಯನ್ನು ಮೈಕ್ರೋಸಾಫ್ಟ್ ಬರೆದು ಪ್ರಕಟಿಸಲಿಲ್ಲ. ಸಿ.ಎಚ್.ಎಂ. ಓದಬೇಕೆಂದರೆ ವಿಂಡೋಸ್ ಬೇಕಿತ್ತು, ಅಷ್ಟೆ. ಲಿನಕ್ಸ್ ಬಳಸುವವರ ಕೈಗೂ ಇಂಥ ಫೈಲುಗಳು ಬರುತ್ತಿದ್ದವು. ಎರಡು ಸಾವಿರದ ಮೊದಲ ವರ್ಷಗಳಲ್ಲಿ ಪ್ರೋಗ್ರಾಮಿಂಗ್ ಪುಸ್ತಕಗಳೇ ಸಿ.ಎಚ್.ಎಂ. ಆಗಿ ಕೈಯಿಂದ ಕೈಗೆ ಓಡಾಡುತ್ತಿದ್ದ ಕಾಲ. ಹಾಗಾಗಿ ಕೆಲವರು ಫೈಲನ್ನು ಹೆಕ್ಸ್ ಎಡಿಟರ್‌ನಲ್ಲಿ ತೆರೆದು, ಒಂದೊಂದೇ ಬೈಟ್ ನೋಡುತ್ತ ಕುಳಿತರು. ಮೊದಲ ನಾಲ್ಕು ಬೈಟ್ ಐ.ಟಿ.ಎಸ್.ಎಫ್. ಎಂಬ ಅಕ್ಷರಗಳು. ಮುಂದೆ ಭಾಷೆಯ ಒಂದು ಸಂಖ್ಯೆ. ಅದರಾಚೆ ಪಿ.ಎಂ.ಜಿ.ಎಲ್. ಎಂದು ಶುರುವಾಗುವ, 4096 ಬೈಟ್‌ಗಳ ಹಾಳೆಗಳಲ್ಲಿ ಪುಟಗಳ ಹೆಸರು, ಸ್ಥಾನ, ಉದ್ದ. ಅವರಲ್ಲೊಬ್ಬರಾದ ಮ್ಯಾಥ್ಯೂ ರುಸೊಟ್ಟೊ ತಾವು ಕಂಡದ್ದನ್ನು ಬರೆದಿಟ್ಟರು. ಪಾಲ್ ವೈಸ್ ಅದನ್ನು ಇನ್ನಷ್ಟು ಬೆಳೆಸಿದರು. ಊಹೆ, ಪರೀಕ್ಷೆ, ಮತ್ತೆ ಊಹೆ. ಶಾಸನ ಓದುವವರು ಸವೆದ ಅಕ್ಷರದ ಮೇಲೆ ಬೆರಳಾಡಿಸುವ ರೀತಿಯ ಕೆಲಸ.

ಎಲ್‌ಝಡ್‌ಎಕ್ಸ್ ಬಿಚ್ಚುವ ಭಾಗ ಸ್ಟುವರ್ಟ್ ಕೈ ಅವರದು. ಕ್ಯಾಬ್ ಫೈಲುಗಳಿಗಾಗಿ ಕ್ಯಾಬ್‌ಎಕ್ಸ್‌ಟ್ರಾಕ್ಟ್ ಎಂಬ ಪ್ರೋಗ್ರಾಂ ಬರೆದಿದ್ದವರು ಅವರು. ಎಲ್‌ಝಡ್‌ಎಕ್ಸ್ ಬಗ್ಗೆ ಮೈಕ್ರೋಸಾಫ್ಟ್‌ನ ಒಂದು ದಾಖಲೆ ಇತ್ತು, ಆದರೆ ಅದನ್ನು ನಂಬಿದವನು ಕೆಡುತ್ತಿದ್ದ. ಹಿಂಡುವಾಗ ಹಿಂದೆ ತಿರುಗಿ ನೋಡುವ ಕಿಟಕಿ, ಅಂದರೆ ವಿಂಡೋ, ಒಂದು ಮೆಗಾಬೈಟ್ ಆದರೆ ದೂರ ಗುರುತಿಸಲು 40 ಸ್ಥಾನಗಳು, ಎರಡು ಮೆಗಾಬೈಟಿಗೆ 42 ಎಂದು ದಾಖಲೆ ಹೇಳುತ್ತದೆ. ಮೈಕ್ರೋಸಾಫ್ಟ್‌ನ ಸ್ವಂತ ಕೋಡ್‌ನಲ್ಲಿ ಇರುವುದು 42 ಮತ್ತು 50. ಕೈ ಇಂಥ ವ್ಯತ್ಯಾಸಗಳನ್ನೆಲ್ಲ ಕೋಡ್‌ನ ನೆತ್ತಿಯ ಮೇಲೇ ಟಿಪ್ಪಣಿಯಾಗಿ ಬರೆದಿದ್ದಾರೆ. ಮುಂದೆ ಬರುವವರು ಅದೇ ಗುಂಡಿಗೆ ಬೀಳಬಾರದು ಎಂದಿರಬೇಕು.

ಫೈಲಿನ ಒಳರಚನೆಯ ಈ ಅರಿವನ್ನೂ ಹಿಂಡಿದ್ದನ್ನು ಬಿಚ್ಚುವ ಕೋಡನ್ನೂ ಒಟ್ಟಿಗೆ ಹೊಲಿದವರು ಜೆಡ್ ವಿಂಗ್. ಅವರ ಲೈಬ್ರರಿಯ ಹೆಸರು ಸಿಎಚ್‌ಎಂಲಿಬ್. ಸಿ ಭಾಷೆಯಲ್ಲಿ ಬರೆದದ್ದು. ಎಲ್‌ಜಿಪಿಎಲ್ ಪರವಾನಗಿ ಇರುವುದರಿಂದ ಯಾರು ಬೇಕಾದರೂ ತಮ್ಮ ಪ್ರೋಗ್ರಾಂಗೆ ಜೋಡಿಸಿಕೊಳ್ಳಬಹುದು. ಅದು ಮಾಡುವುದು ಬಹಳ ಕಡಿಮೆ: ಫೈಲು ತೆರೆ, ಹೆಸರು ಕೊಟ್ಟರೆ ಪುಟ ಹುಡುಕು, ಬೈಟ್‌ಗಳನ್ನು ಕೊಡು, ಒಳಗಿರುವುದನ್ನೆಲ್ಲ ಪಟ್ಟಿಮಾಡು, ಮುಚ್ಚು. ಮತ್ತೆ ಮತ್ತೆ ಬಿಚ್ಚುವುದು ತಪ್ಪಲಿ ಎಂದು ಬಿಚ್ಚಿದ ಐದು ತುಂಡುಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಇದೇ ಬಗೆಯ ಗಂಟನ್ನು ಮುಂದೆಂದಾದರೂ ಬೇರೆ ಕೆಲಸಕ್ಕೆ ಬಳಸಿದರೆ ಅಲ್ಲಿಗೂ ಇದು ಒದಗೀತು ಎಂಬರ್ಥದ ಮಾತನ್ನು ಅವರು ಕೋಡ್‌ನ ಆರಂಭದಲ್ಲಿ ಬರೆದಿದ್ದಾರೆ. ಹೆಲ್ಪ್ ಫೈಲನ್ನು ಬ್ರೌಸರ್‌ನಲ್ಲೇ ಓದಿಸುವ ಪುಟಾಣಿ ಸರ್ವರ್ ಒಂದನ್ನೂ ಮಾದರಿಯೆಂದು ಜೊತೆಗಿಟ್ಟರು.

ಅದರ ಬೆನ್ನ ಮೇಲೆ ಏನೆಲ್ಲ ಬೆಳೆಯಿತು! ಸಿ.ಎಚ್.ಎಂ. ಓದಿಸುವ ಎಕ್ಸ್‌ಸಿಎಚ್‌ಎಂ, ನೋಸಿಎಚ್‌ಎಂ, ಕೆಸಿಎಚ್‌ಎಂವ್ಯೂವರ್, ಪೈಥಾನ್‌ನಿಂದ ಕರೆಯಲು ಪೈಸಿಎಚ್‌ಎಂ. ನಮ್ಮ ದೇಶದವರೇ ಆದ ಕೋವಿದ್ ಗೋಯಲ್ ಅವರ ಇ-ಪುಸ್ತಕ ಪ್ರೋಗ್ರಾಂ ಕ್ಯಾಲಿಬರ್‌ನಲ್ಲಿ ಹಳೆಯ ಸಿ.ಎಚ್.ಎಂ. ಪುಸ್ತಕವನ್ನು ಇ-ಪಬ್ ಮಾಡಿಕೊಂಡವರು ಗೊತ್ತಿಲ್ಲದೆಯೇ ಇದನ್ನು ಬಳಸಿದ್ದಾರೆ. ವಿಂಡೋಸ್‌ನ ಮೇಲೇ ಓಡುವ ಸುಮಾತ್ರಾ ಪಿಡಿಎಫ್ ಕೂಡ ಇದರ ಒಂದು ಕವಲನ್ನು ಸೇರಿಸಿಕೊಂಡಿತು. 2005ರಲ್ಲಿ ಲೈಬ್ರರಿಯಲ್ಲಿ ಭದ್ರತೆಯ ತೂತುಗಳು ಸಿಕ್ಕವು, ಮುಚ್ಚಿದರು. ಅದೇ ವರ್ಷದ ಜೂನ್‌ನಲ್ಲಿ ಮೂಲ ಎಚ್‌ಟಿಎಂಎಲ್ ಹೆಲ್ಪ್‌ಗೂ ತೇಪೆ ಬಂತು. ಅಂದಿನಿಂದ ನೆಟ್‌ವರ್ಕ್‌ನಲ್ಲಿಟ್ಟ ಸಿ.ಎಚ್.ಎಂ. ತೆರೆದರೆ ಪರಿವಿಡಿ ಕಾಣುತ್ತದೆ, ಬರಹ ಕಾಣುವುದಿಲ್ಲ.

ಈಗ ನನ್ನ ಇನ್ನೂರು ಪುಟಗಳಿಗೆ ಬರುತ್ತೇನೆ. ವಿಂಡೋಸ್ ಎಕ್ಸ್‌ಪಿ ಜೊತೆಗೆ ತುಂಗಾ ಫಾಂಟ್ ಬಂದಿತ್ತು, ಪುಟಗಳನ್ನು ಯೂನಿಕೋಡ್‌ನಲ್ಲಿ ಬರೆದೆ. ಬಲಗಡೆಯ ಕಿಟಕಿಯಲ್ಲಿ ಕನ್ನಡ ಚೆನ್ನಾಗಿಯೇ ಮೂಡಿತು. ಎಡಗಡೆಯ ಪರಿವಿಡಿ ಮಾತ್ರ ಯೂನಿಕೋಡ್ ಅರಿಯದ್ದು. ಅದು ಓದುತ್ತಿದ್ದದ್ದು ವಿಂಡೋಸ್‌ನ ಹಳೆಯ ಕೋಡ್ ಪೇಜ್‌ಗಳನ್ನು. ರಷ್ಯನ್‌ಗೆ, ಜಪಾನಿಗೆ, ಅರಬ್ಬಿಗೆ ಅಂಥ ಪೇಜ್ ಇತ್ತು. ಕನ್ನಡ ವಿಂಡೋಸ್‌ಗೆ ಬಂದದ್ದೇ ಯೂನಿಕೋಡ್ ಕಾಲದಲ್ಲಿ, ಹಾಗಾಗಿ ನಮಗೆ ಇರಲಿಲ್ಲ. ಕನ್ನಡದ ಭಾಷಾ ಸಂಖ್ಯೆ 1099 ಎಂದು ಹುಡುಕಿ ಪ್ರಾಜೆಕ್ಟ್ ಫೈಲಿಗೆ ತುಂಬಿದೆ, ಪರಿವಿಡಿಯನ್ನು ಯುಟಿಎಫ್-8ರಲ್ಲಿ ಉಳಿಸಿ ಕಂಪೈಲ್ ಮಾಡಿದೆ. ತೆರೆದರೆ ಗೀಟು ಹೊತ್ತ ಲ್ಯಾಟಿನ್ 'ಎ'ಗಳ ಮೆರವಣಿಗೆ. ಪ್ರತಿ 'ಎ' ಪಕ್ಕ ಒಂದು ಪುಟ್ಟ 2, ಇಲ್ಲವೇ ಪುಟ್ಟ 3. ಹತ್ತು ನಿಮಿಷ ನೋಡಿದ ಮೇಲೆ ಗೊತ್ತಾಯಿತು, ವ್ಯಂಜನ ಬಂದಲ್ಲಿ 2, ಒತ್ತಕ್ಷರ ಮೂಡಿಸುವ ಹಲಂತದ ಗುರುತು ಬಂದಲ್ಲಿ 3. ಕಾಗುಣಿತ ಅಲ್ಲೇ ಇತ್ತು, ವೇಷ ಬೇರೆ.

ಗಡುವು ಹತ್ತಿರವಿತ್ತು. ಪರಿವಿಡಿಯನ್ನು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಬರೆದು ಸಿಡಿಯಲ್ಲಿ ಗಿರಾಕಿಗಳಿಗೆ ಕಳುಹಿಸಿದೆವು. ಕೆಟ್ಟ ಪ್ರಯೋಗವನ್ನೂ ಅದೇ ಸಿಡಿಗೆ ಹಾಕಿ, ಒಂದು ಪ್ರತಿಯನ್ನು ಮನೆಗೆ ತಂದೆ. ಕೆಲವು ವರ್ಷಗಳಲ್ಲಿ ಕಂಪನಿ ಮುಚ್ಚಿತು. ಮೂಲ ಪುಟಗಳಿದ್ದ ಹಾರ್ಡ್ ಡಿಸ್ಕ್ ಗುಜರಿಗೆ ಹೋಯಿತು. ಯಾರೂ ಅಳಲಿಲ್ಲ, ನಾನೂ ಸಹ.

2017ರಲ್ಲಿ ತಿಪಟೂರು ಕಡೆಯ ಸಂಘವೊಂದರ ಕಾರ್ಯದರ್ಶಿಯ ಫೋನು. "ಸಾರ್, ನಿಮ್ ಹಳೇ ಸಾಫ್ಟ್‌ವೇರ್‌ನಾಗೆ ಸುಸ್ತಿ ಬಡ್ಡಿ ಹೆಂಗ್ ಹಾಕ್ತಿತ್ತು? ಹೊಸದ್ರಾಗೆ ತಾಳೆ ಆಗ್ತಿಲ್ಲ. ಆಡಿಟ್‌ನೋರು ಕೂತವ್ರೆ." ನನಗೆ ನೆನಪಿರಲಿಲ್ಲ. ಆದರೆ ಬರೆದದ್ದಂತೂ ನಿಜ.

ಚಕ್ಕುಲಿ ಡಬ್ಬಿಯಲ್ಲಿ ಆ ಸಿಡಿ ಸಿಕ್ಕಿತು. ಕಳುಹಿಸಿದ್ದ ಫೈಲು ಗೀರುಬಿದ್ದು ಓದಲಾಗದಂತಾಗಿತ್ತು. ಕೆಟ್ಟ ಪ್ರಯೋಗ ಮಾತ್ರ ಇಡಿಯಾಗಿ ಬಂತು. ಮನೆಯಲ್ಲಿದ್ದದ್ದು ಲಿನಕ್ಸ್ ಲ್ಯಾಪ್‌ಟಾಪ್. ಸಿಎಚ್‌ಎಂಲಿಬ್ ಜೊತೆಗೆ ಬರುವ, ಗಂಟನ್ನೆಲ್ಲ ಫೋಲ್ಡರಿಗೆ ಸುರಿಯುವ ಪುಟ್ಟ ಪ್ರೋಗ್ರಾಂಗೆ ಫೈಲನ್ನು ಕೊಟ್ಟೆ. ಭಾಷೆ ಯಾವುದು, ಕೋಡ್ ಪೇಜ್ ಯಾವುದು ಎಂದು ಅದು ಕೇಳುವುದೇ ಇಲ್ಲ. ಇಟ್ಟ ಬೈಟ್‌ಗಳನ್ನು ಇಟ್ಟ ಹಾಗೇ ಕೊಡುತ್ತದೆ. ಪರಿವಿಡಿಯ ಫೈಲನ್ನು ಸಾಮಾನ್ಯ ಎಡಿಟರ್‌ನಲ್ಲಿ ತೆರೆದೆ. ಸದಸ್ಯರ ಖಾತೆ. ಷೇರು ಬಂಡವಾಳ. ಸಾಲದ ಖತಾವಣಿ. ಸುಸ್ತಿ ಬಡ್ಡಿ. ಹದಿನಾಲ್ಕು ವರ್ಷದಲ್ಲಿ ಆ ಪರಿವಿಡಿಯನ್ನು ಕನ್ನಡದಲ್ಲಿ ನೋಡಿದ್ದು ಅದೇ ಮೊದಲು.

ಪುಟ ತೆರೆದು ಫೋನಿನಲ್ಲಿ ಓದಲು ಶುರುಮಾಡಿದೆ.

"ನಿಧಾನ ಸಾರ್, ಬರ್ಕೊಳ್ತೀನಿ," ಎಂದರು ಕಾರ್ಯದರ್ಶಿ.